ಫೇರೋಗಳ ನಾಡಿಗೆ ನೂಬಿಯಾದ ಬೇರು

ನೈಲ್ ನದಿಯ ದಂಡೆಯ ದೇಶಗಳಲ್ಲಿ ಅತಿ ಹೆಚ್ಚು ಪಿರಮಿಡ್ಡುಗಳಿರುವುದು ಎಲ್ಲಿ? ಈ ಪ್ರಶ್ನೆಗೆ ಬಹುತೇಕ ಎಲ್ಲರ ಉತ್ತರ ಈಜಿಪ್ಟ್ ಎಂದೇ ಇರುತ್ತದೆ. ಆದರೆ ಸರಿಯಾದ ಉತ್ತರ ಸುಡಾನ್. ಈಜಿಪ್ಟಿನ ಪಿರಮಿಡ್ಡುಗಳು ನೂರಕ್ಕೆ ಸ್ವಲ್ಪ ಮೇಲ್ಪಟ್ಟಿವೆ. ಅದರ ದಕ್ಷಿಣಕ್ಕಿರುವ ಸುಡಾನಿನಲ್ಲಿ 200ಕ್ಕೂ ಹೆಚ್ಚು ಇವೆ. ಗೀಜಾದ ಮಹಾ ಪಿರಮಿಡ್ಡಿನ ಮುಂದೆ ಇವು ತೀರಾ ಚಿಕ್ಕವು. ಬುಡ ಕಿರಿದು, ಇಳಿಜಾರು ಕಡಿದು. ಮರಳುಗಾಡಿನಲ್ಲಿ ಸಾಲುಸಾಲಾಗಿ ನಿಂತಿರುವ ಇವುಗಳ ಅಡಿಯಲ್ಲಿ ಸಮಾಧಿಯಾದವರು ಕುಶ್ ಎಂಬ ರಾಜ್ಯದ ಅರಸರು, ರಾಣಿಯರು ಮತ್ತು ಅವರ ಬಳಗದವರು. ಆ ಅರಸರಲ್ಲಿ ಕೆಲವರು ಒಂದು ಕಾಲಕ್ಕೆ ಇಡೀ ಈಜಿಪ್ಟನ್ನು ಆಳಿದ ಫೇರೋಗಳು.

ಈ ಪ್ರದೇಶದ ಹೆಸರು ನೂಬಿಯಾ. ಈಜಿಪ್ಟಿನ ನಾಗರಿಕತೆಗೂ ನೂಬಿಯಾಕ್ಕೂ ಇದ್ದ ಸಂಬಂಧವೇನು? ಯಾರು ಯಾರಿಗೆ ಕಲಿಸಿದರು? ಇದು ಇಂದು ನಿನ್ನೆಯ ಪ್ರಶ್ನೆಯಲ್ಲ. ಈಜಿಪ್ಟಿನ ಪುರೋಹಿತರು ತನಗೆ ಓದಿ ಹೇಳಿದ 330 ರಾಜರ ಪಟ್ಟಿಯಲ್ಲಿ 18 ಮಂದಿ ‘ಇಥಿಯೋಪಿಯ’ದವರು ಎಂದು ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಗ್ರೀಕರು ಆ ಹೆಸರಿನಿಂದ ಕರೆದದ್ದು ಇಂದಿನ ಇಥಿಯೋಪಿಯ ದೇಶವನ್ನಲ್ಲ, ಈಜಿಪ್ಟಿನ ದಕ್ಷಿಣಕ್ಕಿದ್ದ ಕರಿಯರ ನಾಡನ್ನು. ನಾಲ್ಕು ಶತಮಾನಗಳ ನಂತರ ಡಯೊಡೋರಸ್ ಎಂಬ ಇನ್ನೊಬ್ಬ ಗ್ರೀಕ್ ಲೇಖಕ ಮತ್ತೊಂದು ಹೆಜ್ಜೆ ಮುಂದೆ ಹೋದ. ಈಜಿಪ್ಟಿನವರು ಮೂಲತಃ ತಮ್ಮಲ್ಲಿಂದಲೇ ವಲಸೆ ಹೋದವರೆಂದು ಆ ದಕ್ಷಿಣದ ಜನ ಹೇಳಿಕೊಳ್ಳುತ್ತಾರೆ ಎಂದು ಅವನು ದಾಖಲಿಸಿದ. ಈ ಮಾತಿನಲ್ಲಿ ಎಷ್ಟು ನಿಜವಿದೆ? ಕಳೆದ ನೂರು ವರ್ಷಗಳ ಉತ್ಖನನಗಳು ಕೊಡುವ ಉತ್ತರ, ಹೌದು ಅಥವಾ ಅಲ್ಲ ಎಂಬ ಒಂದು ಪದದ ಉತ್ತರಕ್ಕಿಂತ ಹೆಚ್ಚು ಕುತೂಹಲಕರವಾಗಿದೆ.

ಬಿಲ್ಲುಗಾರರ ನಾಡು

ನೈಲ್ ನದಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಆದ್ದರಿಂದಲೇ ಭೂಪಟದಲ್ಲಿ ಕೆಳಗಿರುವ ದಕ್ಷಿಣ ಭಾಗಕ್ಕೆ ‘ಮೇಲಿನ ಈಜಿಪ್ಟ್’ ಎಂದೂ, ಸಮುದ್ರದ ಕಡೆಯ ಉತ್ತರ ಭಾಗಕ್ಕೆ ‘ಕೆಳಗಿನ ಈಜಿಪ್ಟ್’ ಎಂದೂ ಹೆಸರು. ಮೇಲಿನ ಈಜಿಪ್ಟಿನ ತುದಿಯಲ್ಲಿರುವ ಊರು ಆಸ್ವಾನ್. ಅಲ್ಲಿ ನದಿ ಕರಿಬಂಡೆಗಳ ನಡುವೆ ಸೀಳಿಕೊಂಡು ರಭಸದಿಂದ ನುಗ್ಗುತ್ತದೆ. ದೋಣಿಗಳು ಸಲೀಸಾಗಿ ಸಾಗುವುದಿಲ್ಲ. ಇಂಥ ಜಾಗಗಳನ್ನು ಕ್ಯಾಟರಾಕ್ಟ್ ಎನ್ನುತ್ತಾರೆ. ಆಸ್ವಾನಿನಿಂದ ಇಂದಿನ ಸುಡಾನಿನ ರಾಜಧಾನಿ ಖಾರ್ಟೂಮ್‌ವರೆಗೆ ಇಂಥವು ಆರು ಇವೆ. ಈ ಆರು ಕ್ಯಾಟರಾಕ್ಟ್‌ಗಳ ನಡುವಿನ ಕಣಿವೆಯೇ ನೂಬಿಯಾ.

ಪ್ರಾಚೀನ ಈಜಿಪ್ಟಿನವರು ಇದನ್ನು ತಾ-ಸೆತಿ, ಅಂದರೆ ಬಿಲ್ಲಿನ ನಾಡು ಎಂದು ಕರೆದರು. ನೂಬಿಯಾದ ಬಿಲ್ಲುಗಾರರು ಈಜಿಪ್ಟಿನ ಸೈನ್ಯದಲ್ಲಿ ಸಾವಿರಾರು ವರ್ಷ ಹೆಸರು ಮಾಡಿದವರು. ಈಜಿಪ್ಟಿನ ಪ್ರಾಂತ್ಯಗಳ ಪಟ್ಟಿಯಲ್ಲಿ ದಕ್ಷಿಣ ತುದಿಯ ಮೊದಲ ಪ್ರಾಂತ್ಯದ ಹೆಸರೂ ತಾ-ಸೆತಿಯೇ. ಎರಡು ನಾಡುಗಳ ಗಡಿ ಎಲ್ಲಿ ಮುಗಿದು ಎಲ್ಲಿ ಆರಂಭವಾಗುತ್ತಿತ್ತು ಎಂಬುದು ಎಷ್ಟು ಮಸುಕಾಗಿತ್ತು ಎಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

ಹಸುಗಳ ಸಮಾಧಿ

ಬೇರನ್ನು ಹುಡುಕುವವರು ನದಿಯನ್ನು ಬಿಟ್ಟು ಪಶ್ಚಿಮದ ಮರುಭೂಮಿಗೆ ಹೋಗಬೇಕು. ಅಬು ಸಿಂಬೆಲ್ ದೇವಾಲಯದಿಂದ ಸುಮಾರು 100 ಕಿಲೋಮೀಟರ್ ಪಶ್ಚಿಮಕ್ಕೆ ನಾಬ್ತಾ ಪ್ಲಾಯಾ ಎಂಬ ಒಣಗಿದ ಕೆರೆಯಂಗಳವಿದೆ. ಇಂದು ಅಲ್ಲಿ ಒಂದು ಹನಿ ನೀರಿಲ್ಲ. ಆದರೆ ಏಳೆಂಟು ಸಾವಿರ ವರ್ಷಗಳ ಹಿಂದೆ ಸಹಾರಾದಲ್ಲಿ ಮಳೆ ಬೀಳುತ್ತಿತ್ತು, ಹುಲ್ಲು ಬೆಳೆಯುತ್ತಿತ್ತು. ದನ ಮೇಯಿಸುವ ಜನ ಮಳೆಗಾಲದಲ್ಲಿ ಈ ಕೆರೆಯ ದಂಡೆಗೆ ಬಂದು ತಂಗುತ್ತಿದ್ದರು. ಅಮೆರಿಕದ ಪುರಾತತ್ವಜ್ಞ ಫ್ರೆಡ್ ವೆಂಡಾರ್ಫ್ ಮತ್ತು ಸಂಗಡಿಗರು ಇಲ್ಲಿ ಸಾಲಾಗಿ ನೆಟ್ಟ ಬೃಹತ್ ಕಲ್ಲುಗಳನ್ನು, ಕಲ್ಲಿನ ಒಂದು ಸಣ್ಣ ವೃತ್ತವನ್ನು ಮತ್ತು ಕಲ್ಲುಗುಡ್ಡೆಯ ಕೆಳಗೆ ಜತನದಿಂದ ಹೂತಿಟ್ಟ ಹಸುವೊಂದರ ಅಸ್ಥಿಪಂಜರವನ್ನು ಕಂಡರು. ಜನರನ್ನು ಹೂಳುವಷ್ಟೇ ಶ್ರದ್ಧೆಯಿಂದ ಹಸುವನ್ನು ಹೂಳುವ ಸಮಾಜ ಅದಾಗಿತ್ತು.

ಮಳೆ ಕ್ರಮೇಣ ಹಿಂದೆ ಸರಿದಂತೆ ಮರುಭೂಮಿ ಹಬ್ಬಿತು. ದನಗಾಹಿಗಳು ಉಳಿದಿದ್ದ ಒಂದೇ ನೀರಿನ ಆಸರೆಯಾದ ನೈಲ್ ಕಣಿವೆಗೆ ಇಳಿದರು. ಕೆಲವರು ಮುಂದೆ ಈಜಿಪ್ಟಾದ ಭಾಗಕ್ಕೆ, ಕೆಲವರು ನೂಬಿಯಾಕ್ಕೆ. ಅವರ ನಂಬಿಕೆಗಳ ನೆರಳು ಎರಡೂ ಕಡೆ ಕಾಣುತ್ತದೆ. ಫೇರೋಗಳು ವಿಧ್ಯುಕ್ತ ಸಂದರ್ಭಗಳಲ್ಲಿ ನಡುಪಟ್ಟಿಗೆ ಗೂಳಿಯ ಬಾಲ ಕಟ್ಟಿಕೊಳ್ಳುತ್ತಿದ್ದರು; ‘ಬಲಶಾಲಿ ಗೂಳಿ’ ಎಂಬುದು ಅವರ ಬಿರುದುಗಳಲ್ಲಿ ಒಂದು. ಹಾಥೋರ್ ದೇವತೆಯ ರೂಪವೇ ಹಸು. ಅತ್ತ ನೂಬಿಯಾದ ಕೆರ್ಮಾದಲ್ಲಿ ಸುಮಾರು 4 ಸಾವಿರ ವರ್ಷಗಳ ಹಿಂದೆ ಒಬ್ಬ ದೊರೆಯ ಸಮಾಧಿಯ ಮುಂದೆ 4 ಸಾವಿರಕ್ಕೂ ಹೆಚ್ಚು ದನಗಳ ಬುರುಡೆಗಳನ್ನು ಅರ್ಧಚಂದ್ರಾಕಾರವಾಗಿ ಜೋಡಿಸಲಾಗಿತ್ತು.

ಮಡಕೆಗಳೂ ಇದೇ ಕತೆ ಹೇಳುತ್ತವೆ. ಮೈಯೆಲ್ಲ ಕೆಂಪಗಿದ್ದು ಬಾಯಿಯ ಅಂಚು ಮಾತ್ರ ಕಪ್ಪಗಿರುವ ನುಣುಪಾದ ಮಡಕೆಗಳು ರಾಜರುಗಳ ಕಾಲಕ್ಕೂ ಮುಂಚಿನ ಮೇಲಿನ ಈಜಿಪ್ಟಿನಲ್ಲೂ ನೂಬಿಯಾದಲ್ಲೂ ಸಿಗುತ್ತವೆ. ಈಜಿಪ್ಟಿನಲ್ಲಿ ಅವು ಕಾಲಕ್ರಮದಲ್ಲಿ ಮರೆಯಾದವು. ನೂಬಿಯಾದ ಕುಂಬಾರರು ಮಾತ್ರ ಎರಡು ಸಾವಿರ ವರ್ಷ ಅದನ್ನು ಬಿಡಲಿಲ್ಲ.

ಕುಸ್ತುಲಿನ ಧೂಪದಾನಿ

ನೂಬಿಯಾದ ಬಹುಪಾಲು ಸಾಕ್ಷ್ಯ ಬೆಳಕಿಗೆ ಬಂದದ್ದು ಅದು ಮುಳುಗುವ ಹೊತ್ತಿನಲ್ಲಿ. 1960ರಲ್ಲಿ ಆಸ್ವಾನಿನ ದೊಡ್ಡ ಅಣೆಕಟ್ಟಿನ ಕೆಲಸ ಆರಂಭವಾಯಿತು. ಸುಮಾರು 500 ಕಿಲೋಮೀಟರ್ ಉದ್ದದ ಜಲಾಶಯದಲ್ಲಿ ಇಡೀ ಕೆಳ ನೂಬಿಯಾ ಮುಳುಗಲಿತ್ತು. ಯುನೆಸ್ಕೋ ಕರೆಗೆ ಓಗೊಟ್ಟು ಹತ್ತಾರು ದೇಶಗಳ ತಂಡಗಳು ಧಾವಿಸಿದವು. ಭಾರತದಿಂದಲೂ ಪುರಾತತ್ವ ಸರ್ವೇಕ್ಷಣ ಇಲಾಖೆಯ ತಂಡವೊಂದು ಬಿ.ಬಿ. ಲಾಲ್ ಅವರ ನೇತೃತ್ವದಲ್ಲಿ ತೆರಳಿ ಆಫ್ಯೆ ಮತ್ತು ತುಮಾಸ್ ಎಂಬ ಊರುಗಳ ಬಳಿ ಉತ್ಖನನ ನಡೆಸಿತು. ನೂಬಿಯಾದ ಕಪ್ಪು-ಕೆಂಪು ಮಡಕೆಗಳಿಗೂ ದಕ್ಷಿಣ ಭಾರತದ ಬೃಹತ್ ಶಿಲಾ ಸಮಾಧಿಗಳ ಮಡಕೆಗಳಿಗೂ ಇರುವ ಹೋಲಿಕೆಯತ್ತ ಲಾಲ್ ಗಮನ ಸೆಳೆದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಸಿಕ್ಕಿರುವುದೂ ಇಂಥ ಕಪ್ಪು-ಕೆಂಪು ಮಡಕೆಗಳೇ. ಆದರೆ ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಗಾಳಿಯಾಡದ ಭಾಗ ಎಲ್ಲಿಯಾದರೂ ಕಪ್ಪಾಗುತ್ತದೆ. ಹೋಲಿಕೆಯಿದ್ದ ಮಾತ್ರಕ್ಕೆ ನೆಂಟಸ್ತಿಕೆ ಇದೆ ಎನ್ನಲಾಗದು. ಈಜಿಪ್ಟ್-ನೂಬಿಯಾ ಚರ್ಚೆಯಲ್ಲೂ ಈ ಎಚ್ಚರಿಕೆ ಬೇಕೆಂಬುದು ಮುಂದೆ ಗೊತ್ತಾಯಿತು.

ಅದೇ ವೇಳೆ ಷಿಕಾಗೊ ವಿಶ್ವವಿದ್ಯಾನಿಲಯದ ತಂಡ ಕೀತ್ ಸೀಲೆ ಅವರ ನೇತೃತ್ವದಲ್ಲಿ ಸುಡಾನ್ ಗಡಿಯ ಬಳಿಯ ಕುಸ್ತುಲ್‌ನಲ್ಲಿ ಅಗೆಯುತ್ತಿತ್ತು. ಸುಮಾರು 5,100–5,200 ವರ್ಷ ಹಳೆಯದಾದ ಒಂದು ಸ್ಮಶಾನದಲ್ಲಿ ಅಸಾಮಾನ್ಯವಾಗಿ ದೊಡ್ಡದಾದ, ಶ್ರೀಮಂತವಾದ ಸಮಾಧಿಗಳಿದ್ದವು. ಒಂದರಲ್ಲಿ ಸಿಕ್ಕಿದ್ದು ಕಲ್ಲಿನ ಧೂಪದಾನಿಯ ಚೂರುಗಳು. ಅದರ ಮೈಮೇಲೆ ದೋಣಿಗಳ ಮೆರವಣಿಗೆ, ಅರಮನೆಯ ಮುಂಭಾಗದ ವಿನ್ಯಾಸ, ಕೈಕಟ್ಟಿಸಿಕೊಂಡ ಸೆರೆಯಾಳು, ಗಿಡುಗ, ಎತ್ತರದ ಕಿರೀಟ ತೊಟ್ಟು ಕುಳಿತ ವ್ಯಕ್ತಿ. ಇವೆಲ್ಲ ಮುಂದೆ ಫೇರೋಗಳ ರಾಜಚಿಹ್ನೆಗಳಾದವು.

ಈ ವಸ್ತುಗಳನ್ನು ವರ್ಷಗಳ ನಂತರ ಅಭ್ಯಾಸ ಮಾಡಿದ ಬ್ರೂಸ್ ವಿಲಿಯಮ್ಸ್, ಈಜಿಪ್ಟಿನಲ್ಲಿ ರಾಜರು ಹುಟ್ಟುವ ಮುನ್ನವೇ ನೂಬಿಯಾದಲ್ಲಿ ರಾಜಪ್ರಭುತ್ವವಿತ್ತು ಎಂದು ವಾದಿಸಿದರು. 1979ರ ಮಾರ್ಚ್ 1ರಂದು ‘ನ್ಯೂಯಾರ್ಕ್ ಟೈಮ್ಸ್’ ಇದನ್ನು ಮುಖಪುಟದಲ್ಲಿ ಪ್ರಕಟಿಸಿತು. ಫೇರೋಗಳ ಮೂಲ ನೂಬಿಯಾವೇ ಎಂದು ಅನೇಕರು ಸಂಭ್ರಮಪಟ್ಟರು.

ಆದರೆ 1988ರಲ್ಲಿ ಮೇಲಿನ ಈಜಿಪ್ಟಿನ ಅಬಿಡಾಸ್‌ನಲ್ಲಿ ಜರ್ಮನ್ ಪುರಾತತ್ವಜ್ಞ ಗುಂಟರ್ ಡ್ರೇಯರ್ ತಂಡ 12 ಕೋಣೆಗಳ ರಾಜಸಮಾಧಿಯೊಂದನ್ನು ಪತ್ತೆ ಮಾಡಿತು. ಅದರಲ್ಲಿ ದ್ರಾಕ್ಷಾರಸದ ನೂರಾರು ಜಾಡಿಗಳು, ಅಕ್ಷರ ಕೊರೆದ ಪುಟ್ಟ ಪಟ್ಟಿಗಳು, ದಂತದ ರಾಜದಂಡ ಇದ್ದವು. ಅದು ಕುಸ್ತುಲಿನ ಧೂಪದಾನಿಗಿಂತ ಹಳೆಯದು. ಹೀಗಾಗಿ ರಾಜತ್ವವನ್ನು ನೂಬಿಯಾ ಈಜಿಪ್ಟಿಗೆ ಕೊಟ್ಟಿತು ಎಂಬ ವಾದವನ್ನು ಇಂದು ಹೆಚ್ಚಿನ ವಿದ್ವಾಂಸರು ಒಪ್ಪುವುದಿಲ್ಲ. ಆದರೆ ಕುಸ್ತುಲಿನಲ್ಲಿ ಪ್ರಬಲ ದೊರೆಗಳಿದ್ದರು, ಅವರು ಅಬಿಡಾಸಿನ ದೊರೆಗಳಂತೆಯೇ ಅಧಿಕಾರದ ಚಿಹ್ನೆಗಳನ್ನು ಬಳಸುತ್ತಿದ್ದರು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಒಂದೇ ಕಣಿವೆಯಲ್ಲಿ ಹಲವು ಕಡೆ ರಾಜ್ಯಗಳು ಮೊಳೆಯುತ್ತಿದ್ದವು, ಉತ್ತರದ್ದು ಗೆದ್ದಿತು. ಕ್ರಿ.ಪೂ. 3000ದ ಹೊತ್ತಿಗೆ ಈಜಿಪ್ಟಿನ ಮೊದಲ ಅರಸರ ದಂಡು ಕುಸ್ತುಲಿನ ಆ ಸಂಸ್ಕೃತಿಯನ್ನು ಅಳಿಸಿಹಾಕಿತು.

ಹಗೆ ಮತ್ತು ನೆಂಟಸ್ತಿಕೆ

ಮುಂದಿನ ಎರಡು ಸಾವಿರ ವರ್ಷ ಎರಡೂ ನಾಡುಗಳದು ಹಗೆ ಮತ್ತು ನೆಂಟಸ್ತಿಕೆ ಬೆರೆತ ಬಾಳು. ಕ್ರಿ.ಪೂ. 20ನೇ ಶತಮಾನದಲ್ಲಿ 12ನೇ ರಾಜವಂಶವನ್ನು ಸ್ಥಾಪಿಸಿದ ಅಮೆನೆಮ್‌ಹತ್‌ನನ್ನು ಈಜಿಪ್ಟಿನ ಪ್ರಾಚೀನ ಕೃತಿಯೊಂದು ತಾ-ಸೆತಿಯ ಹೆಂಗಸಿನ ಮಗ ಎಂದು ಬಣ್ಣಿಸುತ್ತದೆ. ಅವನ ವಂಶದವನೇ ಆದ ಮೂರನೇ ಸೆನುಸ್ರೆತ್ ಎರಡನೇ ಕ್ಯಾಟರಾಕ್ಟ್ ಬಳಿ ಕೋಟೆಗಳ ಸಾಲನ್ನೇ ಕಟ್ಟಿಸಿ, ನೂಬಿಯಾದವರನ್ನು ಹೀನಾಯವಾಗಿ ಜರೆಯುವ ಗಡಿಕಲ್ಲು ನಿಲ್ಲಿಸಿದ!

ಅಷ್ಟು ದೊಡ್ಡ ಕೋಟೆಗಳು ಬೇಕಾದದ್ದಕ್ಕೆ ಕಾರಣ ದಕ್ಷಿಣದಲ್ಲಿ ಬೆಳೆಯುತ್ತಿದ್ದ ಕೆರ್ಮಾ. ಮೂರನೇ ಕ್ಯಾಟರಾಕ್ಟ್ ಬಳಿಯ ಈ ನಗರ ಆಫ್ರಿಕಾದ ಅತಿ ಹಳೆಯ ನಗರಗಳಲ್ಲಿ ಒಂದು. ಅದರ ನಡುವಿನ ಮಣ್ಣಿಟ್ಟಿಗೆಯ ಬೃಹತ್ ದೇವಾಲಯ ಇಂದಿಗೂ ನಿಂತಿದೆ. ಕ್ರಿ.ಪೂ. 16ನೇ ಶತಮಾನದ ಹೊತ್ತಿಗೆ ಉತ್ತರದಲ್ಲಿ ಹಿಕ್ಸೋಸರು, ದಕ್ಷಿಣದಲ್ಲಿ ಕುಶ್ ದೊರೆ, ನಡುವೆ ತಾನು ಎಂದು ಥೀಬ್ಸಿನ ಅರಸ ಕಾಮೋಸ್ ತನ್ನ ಶಾಸನದಲ್ಲಿ ಅಳಲು ತೋಡಿಕೊಂಡಿದ್ದಾನೆ. ಕುಶ್ ಸೈನ್ಯ ಈಜಿಪ್ಟಿನ ಒಳಗೇ ನುಗ್ಗಿ ಬಂದದ್ದನ್ನು ವರ್ಣಿಸುವ ಬರಹವೊಂದು 2003ರಲ್ಲಿ ಎಲ್ ಕಾಬ್‌ನ ಒಂದು ಸಮಾಧಿಯಲ್ಲಿ ಸಿಕ್ಕಿತು.

ಕ್ರಿ.ಪೂ. 1500ರ ಸುಮಾರಿಗೆ ಈಜಿಪ್ಟ್ ಸೇಡು ತೀರಿಸಿಕೊಂಡಿತು. ಮೊದಲನೇ ಥಟ್‌ಮೋಸ್ ಕೆರ್ಮಾವನ್ನು ಸುಟ್ಟ. ಮುಂದಿನ ಸುಮಾರು 400 ವರ್ಷ ನೂಬಿಯಾ ಈಜಿಪ್ಟಿನ ವಸಾಹತು. ಅಲ್ಲಿನ ಚಿನ್ನ ಫೇರೋಗಳ ಖಜಾನೆಗೆ ಹರಿಯಿತು. ಆದರೆ ಕೊಡುಕೊಳ್ಳುವಿಕೆ ಒಮ್ಮುಖವಾಗಿರಲಿಲ್ಲ. ಕೆರ್ಮಾದಲ್ಲಿ ಟಗರುಗಳಿಗೆ ತಲೆಯಲಂಕಾರ ಮಾಡಿ ಹೂಳುವ ಪದ್ಧತಿಯಿತ್ತು. ಈಜಿಪ್ಟಿನ ಮಹಾದೈವ ಅಮುನ್ ಟಗರಿನ ತಲೆಯೊಂದಿಗೆ ಕಾಣಿಸಿಕೊಳ್ಳುವುದು ನೂಬಿಯಾವನ್ನು ಗೆದ್ದ ನಂತರ. ಇದು ದಕ್ಷಿಣದಿಂದ ಬಂದದ್ದು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ನಾಲ್ಕನೇ ಕ್ಯಾಟರಾಕ್ಟ್ ಬಳಿಯ ಜೆಬೆಲ್ ಬರ್ಕಲ್ ಎಂಬ ಒಂಟಿ ಬೆಟ್ಟದಲ್ಲಿ ಹೆಡೆಯೆತ್ತಿದ ನಾಗರದಂತೆ ಕಾಣುವ ಕಲ್ಲುಕಂಬವೊಂದಿದೆ. ಹೆಡೆಯೆತ್ತಿದ ನಾಗರ ಫೇರೋಗಳ ಕಿರೀಟದ ಚಿಹ್ನೆ. ಅಮುನ್ ನೆಲೆಸಿರುವ ಶುದ್ಧ ಬೆಟ್ಟ ಇದೇ ಎಂದು ಈಜಿಪ್ಟಿನವರೇ ಒಪ್ಪಿಕೊಂಡು ಅಲ್ಲಿ ದೇವಾಲಯ ಕಟ್ಟಿದರು.

ಕುದುರೆಗಳನ್ನು ಪ್ರೀತಿಸಿದ ಅರಸ

ಈ ಬೆಟ್ಟದ ಬುಡದಿಂದಲೇ ಕ್ರಿ.ಪೂ. 8ನೇ ಶತಮಾನದಲ್ಲಿ ನೂಬಿಯಾದ ಅರಸರು ಉತ್ತರಕ್ಕೆ ಹೊರಟರು. ಆಗ ಈಜಿಪ್ಟ್ ಚೂರುಚೂರಾಗಿತ್ತು, ಊರಿಗೊಬ್ಬ ರಾಜ. ಕುಶ್ ದೊರೆ ಪಿಯೆ ಕ್ರಿ.ಪೂ. 728ರ ಸುಮಾರಿಗೆ ದಂಡೆತ್ತಿ ಹೋದ. ಇದರ ಪೂರ್ಣ ಕತೆ 1862ರಲ್ಲಿ ಜೆಬೆಲ್ ಬರ್ಕಲ್‌ನಲ್ಲಿ ಸಿಕ್ಕ 159 ಸಾಲುಗಳ ಶಿಲಾಶಾಸನದಲ್ಲಿದೆ. ಕೈರೋ ವಸ್ತುಸಂಗ್ರಹಾಲಯಕ್ಕೆ ಸೇರಿದ ಈ ಶಾಸನ ಪ್ರಾಚೀನ ಈಜಿಪ್ಟ್ ಭಾಷೆಯ ಅತ್ಯಂತ ಸ್ವಾರಸ್ಯಕರ ಬರಹಗಳಲ್ಲಿ ಒಂದು.

ಥೀಬ್ಸ್ ತಲುಪಿದ ಕೂಡಲೇ ನದಿಯಲ್ಲಿ ಮಿಂದು, ಮಡಿ ಉಟ್ಟು, ಬಿಲ್ಲುಗಳ ಹೆದೆ ಇಳಿಸಿ ಅಮುನ್ ದೇವರಿಗೆ ನಮಿಸಬೇಕು ಎಂದು ಪಿಯೆ ತನ್ನ ಸೈನಿಕರಿಗೆ ಆಜ್ಞಾಪಿಸಿದ. ಹರ್ಮೊಪೊಲಿಸ್ ನಗರ ದೀರ್ಘ ಮುತ್ತಿಗೆಯ ನಂತರ ಶರಣಾದಾಗ ಅಲ್ಲಿನ ರಾಜ ನಿಮ್ಲೋತ್‌ನ ಅಂತಃಪುರದ ಹೆಂಗಸರನ್ನು ಅವನು ಕಣ್ಣೆತ್ತಿ ನೋಡಲಿಲ್ಲ. ಕುದುರೆಲಾಯಕ್ಕೆ ಹೋದ. ಮುತ್ತಿಗೆಯಲ್ಲಿ ಮೇವಿಲ್ಲದೆ ಬಡಕಲಾಗಿದ್ದ ಕುದುರೆಗಳನ್ನು ಕಂಡು ಕೆರಳಿದ. ನಿಮ್ಲೋತ್ ಮಾಡಿದ ಎಲ್ಲ ಅಪರಾಧಗಳಿಗಿಂತ ಈ ಕುದುರೆಗಳನ್ನು ಹಸಿವಿನಲ್ಲಿ ಕೆಡವಿದ್ದೇ ತನಗೆ ಹೆಚ್ಚು ನೋವು ತಂದಿದೆ ಎಂದು ಆಣೆಯಿಟ್ಟು ಹೇಳಿದ.

ಕೊನೆಗೆ ನಾಲ್ವರು ರಾಜರು ಅವನ ಮುಂದೆ ತಲೆಬಾಗಲು ಬಂದರು. ಮೂವರನ್ನು ಅರಮನೆಯ ಒಳಗೆ ಬಿಡಲಿಲ್ಲ. ಅವರು ಮೀನು ತಿನ್ನುವವರು, ಸುನ್ನತಿ ಮಾಡಿಸಿಕೊಳ್ಳದವರು. ಈಜಿಪ್ಟಿನ ಪುರೋಹಿತರ ಮಡಿಯ ಪ್ರಕಾರ ಅವರು ಅಶುದ್ಧರು! ಮೀನು ಮುಟ್ಟದ ನಿಮ್ಲೋತ್‌ಗೆ ಮಾತ್ರ ಪ್ರವೇಶ ಸಿಕ್ಕಿತು. ಈಜಿಪ್ಟಿನ ಆಚಾರವನ್ನು ಈಜಿಪ್ಟಿನವರಿಗೇ ಕಲಿಸಲು ಬಂದವನಂತೆ ನಡೆದುಕೊಂಡ ಈ ಅರಸ, ಗೆದ್ದ ನಾಡಿನಲ್ಲಿ ನಿಲ್ಲದೆ ಕಪ್ಪಕಾಣಿಕೆಯನ್ನು ಹಡಗುಗಳಿಗೆ ತುಂಬಿಕೊಂಡು ತನ್ನ ಊರಿಗೆ ಮರಳಿದ. ಎಲ್ ಕುರ್ರುವಿನಲ್ಲಿ ತನಗಾಗಿ ಪಿರಮಿಡ್ ಕಟ್ಟಿಸಿದ. ಈಜಿಪ್ಟಿನ ರಾಜರು ಪಿರಮಿಡ್ ಕಟ್ಟುವುದನ್ನು ನಿಲ್ಲಿಸಿ ಆಗಲೇ ಸುಮಾರು 800 ವರ್ಷಗಳಾಗಿದ್ದವು. ಆ ಸ್ಮಶಾನದಲ್ಲಿ ಪಿಯೆ ಮತ್ತು ಅವನ ಉತ್ತರಾಧಿಕಾರಿಗಳ 24 ಕುದುರೆಗಳನ್ನು ನಿಂತ ಭಂಗಿಯಲ್ಲಿ ಹೂಳಲಾಗಿದೆ.

ಪಿಯೆಯ ನಂತರ ಬಂದವರು ಈಜಿಪ್ಟಿನ ಇತಿಹಾಸದಲ್ಲಿ 25ನೇ ರಾಜವಂಶ ಎನಿಸಿಕೊಂಡರು. ಇವರ ಕಿರೀಟದಲ್ಲಿ ಒಂದರ ಬದಲು ಎರಡು ನಾಗರಗಳಿರುತ್ತಿದ್ದವು. ಶಬಾಕಾ ಎಂಬ ಅರಸ ಹುಳು ತಿಂದ ಹಳೆಯ ಹಸ್ತಪ್ರತಿಯೊಂದನ್ನು ಕಲ್ಲಿನ ಮೇಲೆ ಕೊರೆಸಿ ಉಳಿಸಿದ್ದಾಗಿ ಹೇಳಿಕೊಂಡಿದ್ದಾನೆ. ಜಗತ್ತು ದೇವರ ಮನಸ್ಸು ಮತ್ತು ಮಾತಿನಿಂದ ಹುಟ್ಟಿತೆಂಬ ಮೆಂಫಿಸ್ ನಗರದ ಸೃಷ್ಟಿಸಿದ್ಧಾಂತ ಉಳಿದದ್ದು ಈ ಕಲ್ಲಿನಿಂದಲೇ. ಕ್ರಿ.ಪೂ. 690ರಿಂದ 664ರವರೆಗೆ ಆಳಿದ ತಹರ್ಕ ಇವರೆಲ್ಲರಲ್ಲಿ ದೊಡ್ಡವನು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಅವನ ಹೆಸರಿದೆ. ಕಾರ್ನಾಕ್ ದೇವಾಲಯದಲ್ಲಿ ಅವನು ನಿಲ್ಲಿಸಿದ ಹತ್ತು ಭಾರಿ ಕಂಬಗಳಲ್ಲಿ ಒಂದು ಇಂದಿಗೂ ತಲೆಯೆತ್ತಿ ನಿಂತಿದೆ. ಆದರೆ ಕಬ್ಬಿಣದ ಆಯುಧ ಹಿಡಿದ ಅಸ್ಸೀರಿಯದ ಸೈನ್ಯ ಕ್ರಿ.ಪೂ. 671ರಲ್ಲಿ ಮೆಂಫಿಸನ್ನೂ 663ರಲ್ಲಿ ಥೀಬ್ಸನ್ನೂ ಸೂರೆಗೈದಿತು. ಕುಶ್ ಅರಸರು ದಕ್ಷಿಣಕ್ಕೆ ಹಿಂದಿರುಗಿದರು. ಮೊದಲು ನಪಾಟಾ, ಆಮೇಲೆ ಮೆರೊಯೆ ಎಂಬ ರಾಜಧಾನಿಗಳಿಂದ ಅವರ ವಂಶ ಇನ್ನೂ ಸಾವಿರ ವರ್ಷ ಆಳಿತು. ರೋಮ್ ಸೈನ್ಯವನ್ನು ಎದುರಿಸಿದ ರಾಣಿಯರೂ ಅವರಲ್ಲಿದ್ದರು.

ಉಳಿಯಿಂದಲೂ ಲೇಖನಿಯಿಂದಲೂ

ಇಷ್ಟೆಲ್ಲ ಇದ್ದ ನಾಡು ಮರೆತುಹೋದದ್ದು ಹೇಗೆ? ಮೊದಲ ಪೆಟ್ಟು ಉಳಿಯದು. ಕ್ರಿ.ಪೂ. 593ರಲ್ಲಿ ಈಜಿಪ್ಟಿನ ಎರಡನೇ ಸಮ್ತಿಕ್ ನೂಬಿಯಾದ ಮೇಲೆ ದಂಡೆತ್ತಿ ಹೋದ. ಕುಶ್ ಅರಸರ ವಿಗ್ರಹಗಳನ್ನು ಒಡೆಸಿದ. ಈಜಿಪ್ಟಿನ ದೇವಾಲಯಗಳಲ್ಲಿ ಅವರ ಹೆಸರುಗಳನ್ನು ಕೆತ್ತಿ ತೆಗೆಸಿದ, ಕಿರೀಟಗಳಲ್ಲಿನ ಎರಡನೇ ನಾಗರವನ್ನು ಉಜ್ಜಿಸಿದ.

ಎರಡನೆಯ ಪೆಟ್ಟು ಲೇಖನಿಯದು. 1834ರಲ್ಲಿ ಇಟಲಿಯ ವೈದ್ಯ ಫೆರ್ಲಿನಿ ಮೆರೊಯೆಯ ರಾಣಿ ಅಮಾನಿಶಖೆತೊಳ ಪಿರಮಿಡ್ಡನ್ನು ಒಡೆದು ಅಪೂರ್ವ ಚಿನ್ನಾಭರಣಗಳನ್ನು ಯುರೋಪಿಗೆ ಸಾಗಿಸಿದ. ಕರಿಯ ಆಫ್ರಿಕನರು ಇಂಥ ಕುಸುರಿ ಕೆಲಸ ಮಾಡಬಲ್ಲರೆಂದು ಅಲ್ಲಿ ಹಲವರು ನಂಬಲೇ ಇಲ್ಲ. ಒಡವೆಗಳೇ ನಕಲಿ ಎಂದು ಶಂಕಿಸಿದರು. 1913ರಿಂದ 1916ರವರೆಗೆ ಕೆರ್ಮಾದಲ್ಲಿ ಅಗೆದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಜಾರ್ಜ್ ರೈಸ್ನರ್ ಅತ್ಯಂತ ಶಿಸ್ತಿನ ಪುರಾತತ್ವಜ್ಞ. ಅಲ್ಲಿನ ಭಾರಿ ಸಮಾಧಿಗಳಲ್ಲಿ ಈಜಿಪ್ಟಿನ ಅಧಿಕಾರಿಯೊಬ್ಬನ ವಿಗ್ರಹ ಸಿಕ್ಕಿದ್ದರಿಂದ, ಅವು ಈಜಿಪ್ಟಿನ ರಾಜ್ಯಪಾಲರ ಸಮಾಧಿಗಳೆಂದು ಅವರು ತೀರ್ಮಾನಿಸಿದರು. ಆ ವಿಗ್ರಹ ಕೊಳ್ಳೆಯಲ್ಲಿ ಬಂದದ್ದಿರಬಹುದೆಂದು ಅವರಿಗೆ ತೋಚಲಿಲ್ಲ. ಪಿಯೆಯ ವಂಶದವರು ಬಿಳಿ ಮೈಬಣ್ಣದ ಲಿಬಿಯನ್ನರಿರಬೇಕೆಂದೂ ಅವರು ಬರೆದರು. ಸ್ವಿಟ್ಜರ್ಲೆಂಡಿನ ಶಾರ್ಲ್ ಬೊನೆ 1970ರ ದಶಕದಿಂದ ಕೆರ್ಮಾದಲ್ಲಿ ನಡೆಸಿದ ಉತ್ಖನನಗಳಿಂದ, ಅದು ನೂಬಿಯಾದವರೇ ಕಟ್ಟಿ ಆಳಿದ ರಾಜಧಾನಿ ಎಂಬುದು ಸ್ಥಿರಪಟ್ಟಿತು.

ಇದಕ್ಕೆ ಪ್ರತಿಯಾಗಿ ಸೆನೆಗಲ್‌ನ ವಿದ್ವಾಂಸ ಶೇಖ್ ಆಂಟಾ ಡಿಯೊಪ್ 1954ರ ತಮ್ಮ ಗ್ರಂಥದಲ್ಲಿ ಈಜಿಪ್ಟಿನ ನಾಗರಿಕತೆಯೇ ಕರಿಯರದು ಎಂದು ಸಾರಿದರು. 1974ರಲ್ಲಿ ಕೈರೋದಲ್ಲಿ ಯುನೆಸ್ಕೋ ನಡೆಸಿದ ಗೋಷ್ಠಿಯಲ್ಲಿ ಇದರ ಬಗ್ಗೆ ಬಿಸಿಬಿಸಿ ವಾದ ನಡೆಯಿತು. ವಂಶವಾಹಿ ಪರೀಕ್ಷೆಗಳಿಂದಲೂ ಜಗಳ ಮುಗಿದಿಲ್ಲ. ಅಬುಸಿರ್ ಎಲ್ ಮೆಲೆಕ್‌ನ ಮಮ್ಮಿಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿ ಅವರಿಗೆ ಪಶ್ಚಿಮ ಏಷ್ಯಾದ ನಂಟು ಹೆಚ್ಚು ಎಂದಿತು. ಆದರೆ ಅದು ಉತ್ತರ ಭಾಗದ ಒಂದೇ ಊರಿನ, ನಾಗರಿಕತೆಯ ಕೊನೆಯ ಹಂತಗಳ ಜನರ ಲೆಕ್ಕ. ಒಂದು ಸಾವಿರ ಕಿಲೋಮೀಟರ್ ಉದ್ದದ ಕಣಿವೆಯಲ್ಲಿ ಮೂರು ಸಾವಿರ ವರ್ಷ ಬಾಳಿದ ಜನಕ್ಕೆಲ್ಲ ಒಂದೇ ಬಣ್ಣ ಇದ್ದೀತೆಂದು ಹುಡುಕುವುದೇ ನಿರರ್ಥಕ. ಉತ್ತರದವರು ತೆಳು ಬಣ್ಣದವರು, ದಕ್ಷಿಣಕ್ಕೆ ಹೋದಂತೆ ಕಪ್ಪು ಬಣ್ಣದವರು ಹೆಚ್ಚು, ಇಂದಿಗೂ ಹಾಗೆಯೇ.

ನೂಬಿಯಾ ಈಜಿಪ್ಟಿನ ತಾಯಿಯೋ ಮಗಳೋ ಎಂಬ ವಾದದಲ್ಲಿ ಎರಡೂ ಪಕ್ಷಗಳು ಒಂದು ತಪ್ಪು ಮಾಡಿದವು. ಈಜಿಪ್ಟಿಗೆ ಏನು ಕೊಟ್ಟಿತು ಅಥವಾ ಅದರಿಂದ ಏನು ಪಡೆಯಿತು ಎಂಬುದರಿಂದಲೇ ನೂಬಿಯಾದ ಬೆಲೆ ಕಟ್ಟಿದವು. ಈವರೆಗಿನ ಸಾಕ್ಷ್ಯಗಳಂತೆ ಇವು ಒಂದೇ ಬೇರಿನ ಎರಡು ಕವಲುಗಳು. ದನಗಾಹಿಗಳ ಹಳೆಯ ಆಫ್ರಿಕಾ ಅವೆರಡರ ತವರು. ಅಕ್ಕಪಕ್ಕದಲ್ಲಿ ಬೆಳೆದು, ಒಂದರಿಂದೊಂದು ಪಡೆದು, ಒಂದನ್ನೊಂದು ಆಳಿದ ನಾಡುಗಳವು.

ಆ ಸಾಕ್ಷ್ಯಗಳಿಗೆ ಈಗ ಮತ್ತೆ ಆಪತ್ತು ಬಂದಿದೆ. ಅಣೆಕಟ್ಟಿನಿಂದಾಗಿ ಈಜಿಪ್ಟ್ ಮತ್ತು ಸುಡಾನ್ ಸೇರಿ ಸುಮಾರು ಒಂದು ಲಕ್ಷ ನೂಬಿಯನ್ನರು ಮನೆಮಠ ಕಳೆದುಕೊಂಡರು. ನೀರಿನಿಂದ ಪಾರು ಮಾಡಿದ ಬುಹೆನ್, ಸೆಮ್ನಾ ದೇವಾಲಯಗಳನ್ನು ಬಿಚ್ಚಿ ತಂದು ಖಾರ್ಟೂಮ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ತೋಟದಲ್ಲಿ ಮತ್ತೆ ಕಟ್ಟಲಾಗಿತ್ತು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಅಂತರ್ಯುದ್ಧ ಆರಂಭವಾಯಿತು. ನಗರದ ನಡುವಿನ ಆ ವಸ್ತುಸಂಗ್ರಹಾಲಯ ಲೂಟಿಗೆ ಒಳಗಾಯಿತು. 2025ರ ಮಾರ್ಚ್‌ನಲ್ಲಿ ಸೈನ್ಯ ರಾಜಧಾನಿಯನ್ನು ಮತ್ತೆ ವಶಪಡಿಸಿಕೊಂಡಾಗ ಅಲ್ಲಿ ಕಂಡದ್ದು ಬರಿದಾದ ಕೋಣೆಗಳು, ಒಡೆದ ಪೆಟ್ಟಿಗೆಗಳು. ಚಿನ್ನದ ವಸ್ತುಗಳನ್ನಿಟ್ಟಿದ್ದ ಕೋಣೆಯೂ ಉಳಿದಿರಲಿಲ್ಲ.

2003ರಲ್ಲಿ ಬೊನೆ ತಂಡ ಕೆರ್ಮಾದ ಬಳಿ ಒಂದು ಗುಂಡಿಯನ್ನು ತೆರೆಯಿತು. ಒಳಗೆ ಕಪ್ಪು ಗ್ರಾನೈಟಿನಲ್ಲಿ ಕಡೆದ ಏಳು ರಾಜವಿಗ್ರಹಗಳ ಚೂರುಗಳಿದ್ದವು. ತಹರ್ಕನದೂ ಅದರಲ್ಲಿತ್ತು. ಸಮ್ತಿಕ್‌ನ ಸೈನಿಕರು ಒಡೆದದ್ದನ್ನು ಯಾರೋ ಆಯ್ದು ತಂದು ಜೋಪಾನವಾಗಿ ಹೂತಿಟ್ಟಿದ್ದರು. 2,600 ವರ್ಷಗಳ ನಂತರ ಅವನ್ನು ಜೋಡಿಸಿ ನಿಲ್ಲಿಸಲು ಸಾಧ್ಯವಾದದ್ದು ಆ ಹೆಸರಿಲ್ಲದವರ ಕಾಳಜಿಯಿಂದ. ಖಾರ್ಟೂಮ್‌ನಲ್ಲಿ ಕಳೆದುಹೋದದ್ದನ್ನು ಹುಡುಕಿ ತರುವವರಿಗೂ ಅಷ್ಟೇ ಕಾಳಜಿ ಬೇಕಾಗುತ್ತದೆ.